‘ಸರ್ವರ್ ಇಲ್ಲ’ ಎಂದರೆ ಏನು ಇಲ್ಲ?

(ಶಾಲೆಯ ಸುವರ್ಣ ಮಹೋತ್ಸವದ ಅಂಗವಾಗಿ ನಡೆದ ಹಳೆಯ ವಿದ್ಯಾರ್ಥಿಗಳ ಸಮಾವೇಶದಲ್ಲಿ ಮಾಡಿದ ಭಾಷಣದ ಬರಹ ರೂಪ)



‘ಕಂಪ್ಯೂಟರ್ ಬಗ್ಗೆ ಏನಾದರೂ ಮಾತಾಡಿ’ ಎಂದು ಸಮಿತಿಯವರು ಹೇಳಿದ್ದಾರೆ. ಹೇಮಾವತಿ ಹೊಳೆಗೆ ಎಲ್ಲಿ ಬೇಕಾದರೂ ಇಳಿಯಬಹುದು; ಆದರೆ ಎಲ್ಲ ಕಡೆಯೂ ಒಟ್ಟಿಗೆ ಇಳಿಯಲಾಗದು. ಹಾಗಾಗಿ ನಾನು ಒಂದೇ ಕಡೆ ಇಳಿಯುತ್ತೇನೆ. ಶ್ರೀರಂಗಪಟ್ಟಣ, ಪಾಂಡವಪುರ, ಕೆ.ಆರ್. ಪೇಟೆ, ನಾಗಮಂಗಲ, ಅಂದರೆ ಪಾಂಡವಪುರ ಉಪವಿಭಾಗದ ಈ ನಾಲ್ಕು ತಾಲ್ಲೂಕುಗಳನ್ನು ನಾನು ಕಂಪ್ಯೂಟರ್ ಸಂಪರ್ಕ ಸರಿಪಡಿಸುವ ಕೆಲಸಕ್ಕಾಗಿ ಸುತ್ತುತ್ತಿರುತ್ತೇನೆ. ಎಲ್ಲ ಕಡೆಯೂ ಕಿವಿಗೆ ಬೀಳುವ ಮಾತು ಒಂದೇ: ‘ಸರ್ವರ್ ಇಲ್ಲ, ನಾಳೆ ಬನ್ನಿ.’ ಈ ಮಾತಿನ ಒಳಗೆ ಏನಿದೆ ಎಂಬುದನ್ನು ಇವತ್ತು ಬಿಡಿಸಿ ಹೇಳುತ್ತೇನೆ.

ನಮ್ಮ ಅಜ್ಜಂದಿರ ಕಾಲದಲ್ಲಿ ಜಮೀನಿನ ಲೆಕ್ಕ ಶಾನುಭೋಗರ ಮನೆಯ ಕಡತದಲ್ಲಿತ್ತು. ಆಮೇಲೆ ಗ್ರಾಮ ಲೆಕ್ಕಿಗರ ಕೈಗೆ ಬಂತು. 2000ದ ಆಸುಪಾಸಿನಲ್ಲಿ ‘ಭೂಮಿ’ ಯೋಜನೆ ಬಂದಾಗ ರಾಜ್ಯದ 177 ತಾಲ್ಲೂಕುಗಳಲ್ಲಿ ಸುಮಾರು 67 ಲಕ್ಷ ರೈತರ 2 ಕೋಟಿಯಷ್ಟು ಪಹಣಿಗಳು ಕಂಪ್ಯೂಟರಿಗೆ ಹೋದವು. ಮೊದಮೊದಲು ಈ ಕೇಂದ್ರ ತೆರೆದ ತಾಲ್ಲೂಕುಗಳಲ್ಲಿ ನಮ್ಮ ಜಿಲ್ಲೆಯ ಮದ್ದೂರೂ ಒಂದು. ಇಂದು ಪಹಣಿ, ಪಿಂಚಣಿ, ಪಡಿತರ, ಹಾಲಿನ ಬಟವಾಡೆ, ಬ್ಯಾಂಕಿನ ಖಾತೆ ಎಲ್ಲದರ ಲೆಕ್ಕ ಎಲ್ಲೋ ದೂರದ ಯಂತ್ರದಲ್ಲಿದೆ. ನಮ್ಮ ಎದುರಿಗೆ ಇರುವುದು ಅದಕ್ಕೊಂದು ಕಿಟಕಿ ಮಾತ್ರ. ಕಿಟಕಿ ತೆರೆಯದಿದ್ದರೆ ನಮ್ಮದೇ ಆದದ್ದು ನಮಗೆ ಸಿಗುವುದಿಲ್ಲ. ಒಂದು ದಿನದ ಕೂಲಿ ಬಿಟ್ಟು, ಬಸ್ಸಿಗೆ ಕೊಟ್ಟು ಬಂದವರು ಬರಿಗೈಯಲ್ಲಿ ವಾಪಸ್ಸು ಹೋಗುತ್ತಾರೆ.

ಈ ಕಿಟಕಿಗಳಲ್ಲಿ ಒಂದು ಬಗೆಯದಕ್ಕೆ ರಿಮೋಟ್ ಡೆಸ್ಕ್‌ಟಾಪ್ ಎನ್ನುತ್ತಾರೆ. ನಾಗಮಂಗಲದಲ್ಲಿ ಕುಳಿತು ಮಂಡ್ಯದ ಕಂಪ್ಯೂಟರನ್ನು ಅದರ ಎದುರೇ ಕುಳಿತಂತೆ ನಡೆಸುವುದು. ಕೆಲಸ ನಡೆಯುವುದು ಆ ಕಡೆಯ ಯಂತ್ರದಲ್ಲೇ. ಅಲ್ಲಿಂದ ಪರದೆಯ ಚಿತ್ರ ಬರುತ್ತದೆ, ಇಲ್ಲಿಂದ ನಾವು ಒತ್ತಿದ ಕೀಲಿ ಮತ್ತು ಮೌಸಿನ ಚಲನೆ ಹೋಗುತ್ತವೆ. 2001ರಲ್ಲಿ ಬಂದ ವಿಂಡೋಸ್ ಎಕ್ಸ್‌ಪಿಯ ಜೊತೆ ಇದು ಸಾಮಾನ್ಯ ಕಚೇರಿಗಳಿಗೂ ಬಂತು. 2020ರ ಲಾಕ್‌ಡೌನಿನಲ್ಲಿ ಬೆಂಗಳೂರಿನಿಂದ ಊರಿಗೆ ಬಂದ ನಮ್ಮ ಹುಡುಗರಲ್ಲಿ ಹಲವರು ಜಗಲಿಯ ಮೇಲೆ ಕುಳಿತು ಕಚೇರಿಯ ಕೆಲಸ ಮಾಡಿದ್ದೂ ಇಂಥ ಕಿಟಕಿಯ ಮೂಲಕವೇ.

ಇದು ಕೈಕೊಟ್ಟಾಗ ಏನು ಮಾಡಬೇಕು? ನಾವು ನಾಲೆಯ ನೀರಿನಲ್ಲಿ ಬೆಳೆದವರು. ಗದ್ದೆಗೆ ನೀರು ಬರಲಿಲ್ಲ ಎಂದರೆ ಯಾರೂ ‘ಕನ್ನಂಬಾಡಿ ಕಟ್ಟೆ ಇಲ್ಲ’ ಎನ್ನುವುದಿಲ್ಲ. ಹೆಗಲ ಮೇಲೆ ಗುದ್ದಲಿ ಹಾಕಿಕೊಂಡು ಬದುವಿನ ಮೇಲೆ ನಡೆಯುತ್ತಾರೆ. ಮೊದಲು ನಮ್ಮ ಗದ್ದೆಯ ಬಾಯಿ, ಆಮೇಲೆ ಕಾಲುವೆ, ಆಮೇಲೆ ತೂಬು, ಆಮೇಲೆ ನಾಲೆ. ಎಲ್ಲಿಯವರೆಗೆ ನೀರಿದೆ, ಎಲ್ಲಿಂದ ಇಲ್ಲ ಎಂದು ನೋಡುತ್ತಾರೆ. ಆ ಎರಡರ ನಡುವೆಯೇ ತೊಂದರೆ ಇರುತ್ತದೆ. ಕಂಪ್ಯೂಟರಿನ ಸಂಪರ್ಕವನ್ನು ಹುಡುಕುವ ಕ್ರಮವೂ ಇದೇ.

ಒಂದು ನಡೆದ ಸಂಗತಿ ಹೇಳುತ್ತೇನೆ. ಊರಿನ ಹೆಸರು ಬೇಡ. ಒಂದು ಸಹಕಾರ ಸಂಘ. ಮುಖ್ಯ ಕಚೇರಿ ಒಂದೂರಿನಲ್ಲಿ, ಶಾಖೆ ಇನ್ನೊಂದೂರಿನಲ್ಲಿ. ಲೆಕ್ಕಪತ್ರದ ಕಂಪ್ಯೂಟರ್ ಮುಖ್ಯ ಕಚೇರಿಯಲ್ಲಿದೆ. ಶಾಖೆಯ ಗುಮಾಸ್ತ ರಿಮೋಟ್ ಡೆಸ್ಕ್‌ಟಾಪಿನಲ್ಲಿ ಅದನ್ನು ತೆರೆದು ಕೆಲಸ ಮಾಡುತ್ತಾನೆ. ನಾನು ಹೋದ ದಿನ ಒಬ್ಬ ಅಜ್ಜಿ ಕಟ್ಟೆಯ ಮೇಲೆ ಕುಳಿತಿದ್ದರು. ಒಡವೆ ಸಾಲದ ಹಣ ಸೆರಗಿನಲ್ಲಿ ಕಟ್ಟಿಕೊಂಡು ಬಂದಿದ್ದಾರೆ. ಮೊಮ್ಮಗಳ ಮದುವೆ, ಬೆಳಗಾದರೆ ಚಪ್ಪರ. ಹಣ ಕಟ್ಟಿಸಿಕೊಂಡ ರಸೀದಿ ಕಂಪ್ಯೂಟರಿನಲ್ಲಿ ಬಾರದೆ ಒಡವೆ ಬಿಡುವಂತಿಲ್ಲ. ‘ಸರ್ವರ್ ಇಲ್ಲ ಕಣಜ್ಜಿ, ನಾಳಿಕ್ಕೆ ಬಾ’ ಎಂದ ಗುಮಾಸ್ತ. ಅದಕ್ಕೆ ಅಜ್ಜಿ, ‘ನಿನ್ನೇನೂ ಹಿಂಗೇ ಅಂದ್ಯಲ್ಲಪ್ಪಾ. ಆ ಸರ್ವರು ಅನ್ನೋನು ಯಾವೂರ್ಗೋಗವ್ನೆ? ಹೇಳು, ನಾನೇ ಹೋಗಿ ಕರ್ಕಂಬತ್ತೀನಿ’ ಎಂದರು. ಎಲ್ಲರೂ ನಕ್ಕರು. ಆದರೆ ಅಜ್ಜಿ ಕೇಳಿದ್ದೇ ಸರಿಯಾದ ಪ್ರಶ್ನೆ. ಎಲ್ಲಿದೆ, ಎಲ್ಲಿಯವರೆಗೆ ದಾರಿ ಇದೆ, ಎಲ್ಲಿ ತಪ್ಪಿದೆ?

ಫೋನು ಮಾಡಿದರೆ ಮುಖ್ಯ ಕಚೇರಿಯವರು, ‘ನಮ್ಮಲ್ಲಿ ಎಲ್ಲ ಸರಿಯಾಗಿದೆ, ತೊಂದರೆ ನಿಮ್ಮಲ್ಲೇ’ ಎನ್ನುತ್ತಾರೆ. ಶಾಖೆಯವರು, ‘ನಮ್ಮಲ್ಲಿ ಸರಿಯಿದೆ, ಅವರದೇ ಇಲ್ಲ’ ಎನ್ನುತ್ತಾರೆ. ಇಬ್ಬರೂ ಸುಳ್ಳು ಹೇಳುತ್ತಿರಲಿಲ್ಲ. ನಡುವಿನ ದಾರಿಯನ್ನು ಯಾರೂ ನಡೆದು ನೋಡಿರಲಿಲ್ಲ, ಅಷ್ಟೆ.

ಮೊದಲನೆಯ ಹೆಜ್ಜೆ, ನಮ್ಮ ಗದ್ದೆಯ ಬಾಯಿ. ಶಾಖೆಯ ಕಂಪ್ಯೂಟರಿನಲ್ಲಿ ಬೇರೆ ಯಾವುದಾದರೂ ಜಾಲತಾಣ ತೆರೆಯುತ್ತದೆಯೇ? ತೆರೆಯಿತು. ಅಂದರೆ ಇಂಟರ್ನೆಟ್ ಇದೆ. ತೆರೆಯದಿದ್ದರೆ ವೈರು, ವೈಫೈ, ಕರೆಂಟು ಇಷ್ಟನ್ನೇ ನೋಡಬೇಕಿತ್ತು.

ಎರಡನೆಯದು, ಆ ಕಡೆಯ ಯಂತ್ರ ಎಚ್ಚರವಾಗಿದೆಯೇ? ಸ್ವಲ್ಪ ಹೊತ್ತು ಮುಟ್ಟದಿದ್ದರೆ ತಾನೇ ನಿದ್ದೆಗೆ ಹೋಗುವ ಹಾಗೆ ಕಂಪ್ಯೂಟರಿನಲ್ಲಿ ವ್ಯವಸ್ಥೆ ಇರುತ್ತದೆ. ಮಲಗಿದ ಯಂತ್ರ ಬಾಗಿಲು ತೆರೆಯುವುದಿಲ್ಲ. ಇಲ್ಲಿ ಅದು ಎಚ್ಚರವಾಗಿಯೇ ಇತ್ತು.

ಮೂರನೆಯದು ವಿಳಾಸ. ಪ್ರತಿ ಕಂಪ್ಯೂಟರಿಗೂ ಅಂಕಿಗಳ ಒಂದು ಐಪಿ ವಿಳಾಸ ಇರುತ್ತದೆ. 192.168 ಎಂದು ಶುರುವಾಗುವ ವಿಳಾಸ ಇದೆಯಲ್ಲ, ಅದು ಊರಿನ ಹೆಸರಿಲ್ಲದ ಸರ್ವೆ ನಂಬರ್ ಇದ್ದ ಹಾಗೆ. ಸರ್ವೆ ನಂಬರ್ 45 ಎಂದರೆ ಯಾವ ಊರಿನ 45? ಎಲ್ಲ ಊರಲ್ಲೂ ಒಂದಿರುತ್ತದೆ. ಅದು ಆ ಕಟ್ಟಡದ ಒಳಗೆ ಮಾತ್ರ ನಡೆಯುತ್ತದೆ. ಹೊರಗಿನಿಂದ ತಲುಪಲು ವಿಪಿಎನ್ ಎಂಬ ಬೇಲಿ ಹಾಕಿದ ಖಾಸಗಿ ದಾರಿ ಬೇಕು. ಈ ಸಂಘದಲ್ಲಿ ಆ ದಾರಿ ಇತ್ತು, ತೆರೆದೂ ಇತ್ತು.

ನಾಲ್ಕನೆಯದು ಪಿಂಗ್. ಇದು ಬದುವಿನ ಮೇಲೆ ನಿಂತು ‘ಓ’ ಎಂದು ಕೂಗುವುದು. ಆ ಕಡೆಯಿಂದ ‘ಓ’ ಬಂತು. ಗುಮಾಸ್ತನಿಗೆ ಆಶ್ಚರ್ಯ: ‘ಯಂತ್ರ ಓಗೊಡ್ತದೆ, ಬಾಗಿಲು ಮಾತ್ರ ತೆಗೀತಿಲ್ಲ, ಯಾಕೆ ಸಾರ್?’ ಇಲ್ಲಿ ಎರಡು ಮಾತು ನೆನಪಿಡಬೇಕು. ಓಗೊಡದಿದ್ದರೆ ಯಂತ್ರ ಇಲ್ಲ ಎಂದಲ್ಲ. ಕೆಲವು ಯಂತ್ರಗಳಿಗೆ ಉತ್ತರ ಕೊಡಬೇಡ ಎಂದು ಹೇಳಿರುತ್ತಾರೆ. ಓಗೊಟ್ಟರೆ ನಮಗೆ ಬೇಕಾದವನೇ ಓಗೊಟ್ಟ ಎಂದೂ ಅಲ್ಲ.

ಐದನೆಯದು ಬಾಗಿಲು. ಒಂದೇ ಯಂತ್ರಕ್ಕೆ ಹಲವು ತೂಬುಗಳಿರುತ್ತವೆ. ಅವಕ್ಕೆ ಪೋರ್ಟ್ ಎನ್ನುತ್ತಾರೆ. ರಿಮೋಟ್ ಡೆಸ್ಕ್‌ಟಾಪಿನ ತೂಬಿನ ಸಂಖ್ಯೆ ಸಾಮಾನ್ಯವಾಗಿ 3389. ಆ ಕಡೆಯ ಯಂತ್ರದಲ್ಲಿ ಈ ಸೌಲಭ್ಯವನ್ನು ಚಾಲೂ ಮಾಡಿರಬೇಕು, ಫೈರ್‌ವಾಲ್ ಎಂಬ ಕಾವಲುಗಾರ ಬಿಡಬೇಕು. ವಿಂಡೋಸಿನ ಹೋಮ್ ಆವೃತ್ತಿಯಿಂದ ಬೇರೆ ಯಂತ್ರಕ್ಕೆ ಹೋಗಬಹುದು. ಆದರೆ ರಿಮೋಟ್ ಡೆಸ್ಕ್‌ಟಾಪಿನಲ್ಲಿ ಅದರೊಳಕ್ಕೆ ಬರಲಾಗದು. ಹೊಸ ಕಂಪ್ಯೂಟರ್ ಕೊಳ್ಳುವವರು ಇದನ್ನು ಅಂಗಡಿಯಲ್ಲೇ ಕೇಳಿಕೊಳ್ಳುವುದು ಒಳ್ಳೆಯದು. ಪರೀಕ್ಷೆ ಮಾಡಿದರೆ, ಓಗೊಟ್ಟ ಯಂತ್ರದಲ್ಲಿ 3389ರ ತೂಬು ಮುಚ್ಚಿತ್ತು.

ಆಗ ನಾನು ಎಲ್ಲ ಕಡೆಯೂ ಕೇಳುವ ಪ್ರಶ್ನೆ ಕೇಳಿದೆ: ‘ಕೊನೆಯ ಸಲ ಸರಿಯಿದ್ದದ್ದು ಯಾವತ್ತು? ಆಮೇಲೆ ಏನು ಬದಲಾಯಿತು?’ ‘ಶನಿವಾರ ಸಂಜೆವರೆಗೂ ಸರಿಯಿತ್ತು ಸಾರ್. ಏನೂ ಬದಲಾಗಿಲ್ಲ’ ಎಂದರು. ‘ಏನೂ ಇಲ್ಲ’ ಎಂಬ ಉತ್ತರ ಬಂದಾಗ ಇನ್ನೊಂದು ಸಲ ಕೇಳಬೇಕು. ಕೇಳಿದಾಗ ಮುಖ್ಯ ಕಚೇರಿಯವರು ಫೋನಿನಲ್ಲಿ ನೆನಪು ಮಾಡಿಕೊಂಡು, ‘ಒಂದು ಹೊಸ ಪ್ರಿಂಟರ್ ತಂದು ಹಾಕಿದೆವು, ಅದೇನು ಲೆಕ್ಕ?’ ಎಂದರು. ಅದೇ ಲೆಕ್ಕ. ಕಂಪ್ಯೂಟರನ್ನು ಶನಿವಾರ ಆರಿಸಿ ಹೋಗಿದ್ದರು. ಅದರ ವಿಳಾಸವನ್ನು ರೂಟರ್ ಪೆಟ್ಟಿಗೆ ಹೊಸ ಪ್ರಿಂಟರಿಗೆ ಕೊಟ್ಟುಬಿಟ್ಟಿತ್ತು. ಸೋಮವಾರ ಕಂಪ್ಯೂಟರ್ ಎದ್ದಾಗ ಅದಕ್ಕೆ ಬೇರೆ ವಿಳಾಸ ಸಿಕ್ಕಿತು. ಎರಡು ದಿನದಿಂದ ಶಾಖೆಯವರು ಪ್ರಿಂಟರಿನ ಬಾಗಿಲು ತಟ್ಟುತ್ತಿದ್ದರು!

ಕಂಪ್ಯೂಟರಿನ ಈಗಿನ ವಿಳಾಸವನ್ನು ಫೋನಿನಲ್ಲಿ ಓದಿಸಿಕೊಂಡು ಹಾಕಿದ ಕೂಡಲೇ ಕಿಟಕಿ ತೆರೆಯಿತು. ಅಜ್ಜಿಗೆ ರಸೀದಿ ಆಯಿತು, ಒಡವೆ ಕೈಗೆ ಬಂತು. ಮುಂದೆ ವಿಳಾಸ ಬದಲಾಗದಂತೆ ರೂಟರಿನಲ್ಲಿ ಆ ಕಂಪ್ಯೂಟರಿಗೆ ಒಂದು ವಿಳಾಸ ಕಾಯ್ದಿರಿಸಿದ್ದಾಯಿತು. ಒಟ್ಟು ಅರ್ಧ ಗಂಟೆಯ ಕೆಲಸ. ಒಂದು ಪೈಸೆಯ ಸಾಮಾನು ಬೇಕಾಗಲಿಲ್ಲ.

ಬಾಗಿಲು ತೆರೆದ ಮೇಲೂ ಕೆಲವು ಸಲ ಒಳಗೆ ಬಿಡುವುದಿಲ್ಲ. ಅದು ಆರನೆಯದು, ಬೀಗದ ಕೈ. ಹೆಸರು, ಪಾಸ್‌ವರ್ಡ್ ಸರಿಯಿದ್ದರೂ ಆ ಬಳಕೆದಾರನಿಗೆ ದೂರದಿಂದ ಬರುವ ಅನುಮತಿ ಕೊಟ್ಟಿರಬೇಕು. ಪಾಸ್‌ವರ್ಡ್ ಇಲ್ಲದ ಖಾತೆಯನ್ನು ವಿಂಡೋಸ್ ತಾನಾಗಿ ದೂರದಿಂದ ಬಿಡುವುದಿಲ್ಲ. ಹಳೆಯ ಯಂತ್ರದ ಒಳಗಿನ ಸಣ್ಣ ಬ್ಯಾಟರಿ ಸತ್ತು ಗಡಿಯಾರ ಹಿಂದೆ ಹೋದರೂ ಒಳಗೆ ಬಿಡದಿರಬಹುದು. ಕೆಳಗಿನ ಮೂಲೆಯಲ್ಲಿ ದಿನಾಂಕ ನೋಡುವುದು ಎಷ್ಟು ಹೊತ್ತಿನ ಕೆಲಸ? ಇನ್ನು ನಿಧಾನದ ಮಾತು. ಪರದೆಯ ಚಿತ್ರವೇ ಅಷ್ಟು ದೂರದಿಂದ ಬರಬೇಕಲ್ಲ. ಬಣ್ಣ, ಹಿನ್ನೆಲೆ ಚಿತ್ರ, ಪರದೆಯ ಅಳತೆ ಇವನ್ನು ಕಡಿಮೆ ಮಾಡಿದರೆ ದುರ್ಬಲ ಸಂಪರ್ಕದಲ್ಲೂ ಕೆಲಸ ನಡೆಯುತ್ತದೆ.

ಈಗ ಈ ಮಾತಿನ ಇನ್ನೊಂದು ಮಗ್ಗುಲು. ತಾಯಂದಿರು ದಯವಿಟ್ಟು ಗಮನ ಕೊಡಿ. ದೂರದಿಂದ ನಮ್ಮ ಯಂತ್ರ ನಡೆಸುವ ಈ ವಿದ್ಯೆಯನ್ನೇ ಕಳ್ಳರೂ ಕಲಿತಿದ್ದಾರೆ. ‘ಬ್ಯಾಂಕಿನಿಂದ ಮಾತಾಡ್ತಿದೀವಿ, ಕೆವೈಸಿ ನಿಂತುಹೋಗಿದೆ, ಈ ಆ್ಯಪ್ ಹಾಕ್ಕೊಳಿ, ಅದರಲ್ಲಿ ಬರೋ ಒಂಬತ್ತು ಅಂಕಿ ಹೇಳಿ’ ಎನ್ನುತ್ತಾರೆ. ಎನಿಡೆಸ್ಕ್‌ನಂಥ ಆ್ಯಪ್ ತಾನಾಗಿ ಕೆಟ್ಟದ್ದಲ್ಲ. ನಾವೂ ಕೆಲಸಕ್ಕೆ ಬಳಸುತ್ತೇವೆ. ಆದರೆ ಆ ಅಂಕಿ ಹೇಳಿ, ಕೇಳಿದ್ದಕ್ಕೆಲ್ಲ ಒಪ್ಪಿಗೆ ಒತ್ತಿದರೆ ನಿಮ್ಮ ಫೋನಿನ ತೂಬಿನ ಬೀಗದ ಕೈಯನ್ನೇ ಅವನ ಕೈಗಿಟ್ಟಂತೆ. ರಿಸರ್ವ್ ಬ್ಯಾಂಕ್ 2019ರ ಫೆಬ್ರವರಿಯಲ್ಲೇ ಈ ಬಗ್ಗೆ ಬ್ಯಾಂಕುಗಳಿಗೆ ಎಚ್ಚರಿಕೆ ಕೊಟ್ಟಿತ್ತು. ಗುರುತಿಲ್ಲದವನು ತಾನಾಗಿ ಕರೆ ಮಾಡಿ ಸಹಾಯ ಮಾಡುತ್ತೇನೆ ಎಂದರೆ ಫೋನಿಡಿ. ಆಗಿಹೋಗಿದ್ದರೆ ಮೊದಲು ಇಂಟರ್ನೆಟ್ ಆರಿಸಿ, ಬೇರೆ ಫೋನಿನಿಂದ ಬ್ಯಾಂಕಿಗೂ 1930 ಸಹಾಯವಾಣಿಗೂ ಹೇಳಿ. ನಾಚಿಕೊಂಡು ಮುಚ್ಚಿಟ್ಟಷ್ಟೂ ಹಣ ದೂರ ಹೋಗುತ್ತದೆ.

ಕಚೇರಿ ನಡೆಸುವವರಿಗೂ ಒಂದು ಮಾತು. ಸಂಪರ್ಕ ಸಿಗಲಿಲ್ಲವೆಂದು ಫೈರ್‌ವಾಲನ್ನೇ ಆರಿಸುವುದು, 3389ರ ತೂಬನ್ನು ಇಡೀ ಲೋಕಕ್ಕೆ ತೆರೆದಿಡುವುದು ಮಾಡಬೇಡಿ. ಒಂದು ಗದ್ದೆಗೆ ನೀರಿಲ್ಲವೆಂದು ಯಾರೂ ಏರಿ ಒಡೆಯುವುದಿಲ್ಲ. 2019ರ ಮೇ ತಿಂಗಳಲ್ಲಿ ರಿಮೋಟ್ ಡೆಸ್ಕ್‌ಟಾಪಿನಲ್ಲಿ ‘ಬ್ಲೂಕೀಪ್’ ಎಂಬ ದೋಷ ಹೊರಬಿದ್ದಾಗ, ಅಷ್ಟು ಹೊತ್ತಿಗೆ ಕೈಬಿಟ್ಟಿದ್ದ ವಿಂಡೋಸ್ ಎಕ್ಸ್‌ಪಿಗೂ ಮೈಕ್ರೋಸಾಫ್ಟ್ ಸಂಸ್ಥೆ ತಿದ್ದುಪಡಿ ಕೊಡಬೇಕಾಯಿತು. ಅಪಾಯ ಅಷ್ಟು ದೊಡ್ಡದಿತ್ತು.

ಕೊನೆಯದಾಗಿ ನಮ್ಮ ಶಾಲೆಗೆ ಒಂದು ಸಲಹೆ. ಕಂಪ್ಯೂಟರ್ ಕೊಠಡಿಯಲ್ಲಿ ಒಂದು ಪುಸ್ತಕವನ್ನು ದಾರ ಕಟ್ಟಿ ತೂಗುಹಾಕಿ. ಯಂತ್ರ ಕೈಕೊಟ್ಟ ದಿನ ಮಕ್ಕಳೇ ಅದರಲ್ಲಿ ನಾಲ್ಕು ಸಾಲು ಬರೆಯಲಿ: ಪರದೆಯ ಮೇಲೆ ಬಂದ ಮಾತು ಅಕ್ಷರಶಃ ಏನು, ಕೊನೆಯ ಸಲ ಸರಿಯಿದ್ದದ್ದು ಯಾವಾಗ, ಎಲ್ಲಿಯವರೆಗೆ ಸರಿಯಿದೆ, ಏನು ಮಾಡಿದ ಮೇಲೆ ಸರಿಹೋಯಿತು. ಒಂದು ಸಲಕ್ಕೆ ಒಂದನ್ನೇ ಬದಲಾಯಿಸಲಿ. ಇಲ್ಲದಿದ್ದರೆ ಯಾವುದರಿಂದ ಸರಿಹೋಯಿತೆಂದು ತಿಳಿಯುವುದಿಲ್ಲ. ವಿಜ್ಞಾನದ ಮೇಷ್ಟ್ರು ನಮಗೆ ಪ್ರಯೋಗ ಕಲಿಸಿದ್ದೂ ಹೀಗೆಯೇ. ಆ ಪುಸ್ತಕಕ್ಕೆ ಮತ್ತು ಮಕ್ಕಳಿಗೆ ತಿಂಗಳಿಗೊಂದು ಶನಿವಾರ ಬಂದು ಹೇಳಿಕೊಡುವುದಕ್ಕೆ ನಾನು ಸಿದ್ಧನಿದ್ದೇನೆ. ಈ ಕೆಲಸ ಬಲ್ಲ ಇತರ ಹಳೆಯ ವಿದ್ಯಾರ್ಥಿಗಳೂ ಕೈಜೋಡಿಸಬೇಕು.

ಈ ಶಾಲೆಯಿಂದ ಹೊರಡುವ ಮಗು ನಾಳೆ ಯಾವುದೋ ಕಚೇರಿಯ ಕಿಟಕಿಯ ಒಳಗೆ ಕುಳಿತಿರಬಹುದು, ಅಥವಾ ಹೊರಗೆ ಸಾಲಿನಲ್ಲಿ ನಿಂತಿರಬಹುದು. ಒಳಗಿದ್ದರೆ ‘ಸರ್ವರ್ ಇಲ್ಲ’ ಎನ್ನುವ ಮೊದಲು ಆರು ಹೆಜ್ಜೆ ನಡೆದು ನೋಡಲಿ. ಹೊರಗಿದ್ದರೆ ‘ಎಲ್ಲಿಯವರೆಗೆ ಬರ್ತಿದೆ ನೋಡಿದ್ರಾ ಸಾರ್?’ ಎಂದು ಮರ್ಯಾದೆಯಿಂದ, ಆದರೆ ಹೆದರದೆ ಕೇಳಲಿ.