ಗುಳಿಗೆ ನುಂಗುವ ಮೊದಲು

(ಸಂಡೂರು ತಾಲ್ಲೂಕಿನ ವಡ್ಡು ಗ್ರಾಮದಲ್ಲಿ ಮಾಡಿದ ಭಾಷಣ)



‘ದೊಡ್ಡಾಸ್ಪತ್ರೆಗೆ ಹೋದರೆ ನಮ್ಮ ಮೇಲೆ ಪ್ರಯೋಗ ಮಾಡುತ್ತಾರೆ’ ಎಂಬ ಭಯ ಹಳ್ಳಿಗಳಲ್ಲಿದೆ. ಆದರೆ ಮನುಷ್ಯರಲ್ಲಿ ಪರೀಕ್ಷೆಯಾಗದೆ ಯಾವ ಮದ್ದನ್ನೂ ನಂಬುವಂತಿಲ್ಲ. ಹಾಗಾದರೆ ಒಪ್ಪಬೇಕೆ, ಬೇಡವೆ? ನಮ್ಮ ನಾಡಿನದೇ ಒಂದು ಪ್ರಯೋಗವನ್ನು ನೋಡೋಣ.

ಹೆರಿಗೆಯಾದ ಕೂಡಲೇ ರಕ್ತ ಹರಿದು ತಾಯಿ ಸಾಯುವುದು ಹಳೆಯ ಸಂಕಟ. ಅದನ್ನು ತಡೆಯುವ ಚುಚ್ಚುಮದ್ದು ಇತ್ತು; ಆದರೆ ಅದನ್ನು ತಂಪಿನಲ್ಲಿಡಬೇಕು, ಚುಚ್ಚಲು ಬಲ್ಲವರು ಬೇಕು. ಹಳ್ಳಿಯ ಮನೆಯ ಹೆರಿಗೆಗೆ ಅದು ದೂರದ ಮಾತು. ಮಿಸೊಪ್ರೊಸ್ಟಾಲ್ ಎಂಬ ಅಗ್ಗದ ಗುಳಿಗೆ ಆ ಕೆಲಸ ಮಾಡೀತೆ? ಬೆಳಗಾವಿಯ ಜವಾಹರಲಾಲ್ ನೆಹರೂ ವೈದ್ಯಕೀಯ ಕಾಲೇಜು ಅಮೆರಿಕದ ವಿಶ್ವವಿದ್ಯಾಲಯಗಳ ಜೊತೆಗೂಡಿ 2002ರಿಂದ 2005ರವರೆಗೆ ಆ ಜಿಲ್ಲೆಯ ಹಳ್ಳಿಗಳಲ್ಲಿ ಪರೀಕ್ಷೆ ನಡೆಸಿತು. 1,620 ಮಹಿಳೆಯರು ಅದರಲ್ಲಿ ಭಾಗವಹಿಸಿದರು. ಚೀಟಿ ಎತ್ತಿದ ಹಾಗೆ ಅರ್ಧದಷ್ಟು ಮಂದಿಗೆ ಮದ್ದಿನ ಗುಳಿಗೆ, ಉಳಿದವರಿಗೆ ನೋಡಲು ಹಾಗೆಯೇ ಇರುವ, ಮದ್ದಿಲ್ಲದ ಗುಳಿಗೆ. ಯಾರಿಗೆ ಯಾವುದೆಂದು ಕೊಟ್ಟ ನರ್ಸಮ್ಮನಿಗೂ ತಿಳಿಯದು. ತಿಳಿದರೆ ಕೊಡುವವರ ಆಸೆಯೇ ಲೆಕ್ಕವನ್ನು ಕೆಡಿಸೀತು.

ಮದ್ದಿಲ್ಲದ ಗುಂಪಿನಲ್ಲಿ ಶೇಕಡ 12ರಷ್ಟು ತಾಯಂದಿರಿಗೆ ಅತಿ ರಕ್ತಸ್ರಾವವಾಯಿತು. ಮದ್ದು ಪಡೆದವರಲ್ಲಿ ಶೇಕಡ 6.4. ಈ ಫಲಿತಾಂಶ 2006ರಲ್ಲಿ ಪ್ರಕಟವಾಯಿತು. 2011ರಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಈ ಉಪಯೋಗಕ್ಕಾಗಿ ಗುಳಿಗೆಯನ್ನು ಅಗತ್ಯ ಔಷಧಗಳ ಪಟ್ಟಿಗೆ ಸೇರಿಸಿತು.

ಮದ್ದಿಲ್ಲದ ಗುಳಿಗೆ ನುಂಗಿದ ತಾಯಿಗೆ ಏನು ಲಾಭವಾಯಿತು? ಗುಳಿಗೆಯಿಂದ ಏನೂ ಇಲ್ಲ. ಅವಳು ಮುಂದಿನ ತಾಯಂದಿರಿಗೆ ದಾನ ಕೊಟ್ಟಳು. ದಾನವನ್ನು ಕೇಳಿ ಪಡೆಯಬೇಕು, ಕಿತ್ತುಕೊಳ್ಳಬಾರದು.

ಹೊಸ ಔಷಧದ ಪ್ರಯೋಗಕ್ಕೆ ಹೀಗೆ ಕೇಳುವ ಕ್ರಮವನ್ನು 2019ರ ಕೇಂದ್ರ ನಿಯಮಗಳು ವಿಧಿಸಿವೆ. ಪ್ರಯೋಗಕ್ಕೆ ನೈತಿಕ ಸಮಿತಿಯ ಒಪ್ಪಿಗೆ ಬೇಕು. ವಿವರವನ್ನು ನಿಮಗೆ ತಿಳಿಯುವ ಭಾಷೆಯಲ್ಲಿ ಹೇಳಬೇಕು; ಓದು ಬಾರದವರಿಗೆ ಸಾಕ್ಷಿಯೊಬ್ಬರ ಮುಂದೆ ಓದಿ ಹೇಳಬೇಕು. ಒಪ್ಪಿಗೆ ಪತ್ರದ ಒಂದು ಪ್ರತಿ ನಿಮ್ಮ ಕೈಗೆ ಬರಬೇಕು. ಪ್ರಯೋಗದಿಂದ ತೊಂದರೆಯಾದರೆ ಉಚಿತ ಚಿಕಿತ್ಸೆ, ಪರಿಹಾರ ಎರಡೂ ಸಲ್ಲಬೇಕು. ಯಾವಾಗ ಬೇಕಾದರೂ ಬಿಟ್ಟುಬರಬಹುದು. ಅದರಿಂದ ಎಂದಿನ ಚಿಕಿತ್ಸೆ ತಪ್ಪಕೂಡದು.

ಸೇರಬಯಸುವವರು ವೈದ್ಯಕೀಯ ಕಾಲೇಜಿನ ಆಸ್ಪತ್ರೆಯಲ್ಲಿ ವಿಚಾರಿಸಬಹುದು. 2007ರಲ್ಲಿ ಆರಂಭವಾದ ರಾಷ್ಟ್ರೀಯ ಪ್ರಯೋಗ ನೋಂದಣಿಯ ಅಂತರಜಾಲ ತಾಣದಲ್ಲಿ ಯಾವ ಪ್ರಯೋಗ ಎಲ್ಲಿ ನಡೆದಿದೆ, ಯಾರನ್ನು ಸೇರಿಸುತ್ತಾರೆ ಎಂಬುದು ಸಿಗುತ್ತದೆ; ಊರಿನ ಓದಿದ ಹುಡುಗರು ಹುಡುಕಿಕೊಟ್ಟಾರು. ಬಯಸಿದವರಿಗೆಲ್ಲ ಅವಕಾಶವಿಲ್ಲ, ವಯಸ್ಸು, ಕಾಯಿಲೆ ನೋಡಿಯೇ ಆರಿಸುತ್ತಾರೆ.

ಹೆಬ್ಬೆಟ್ಟು ಒತ್ತುವ ಮೊದಲು ಇಷ್ಟು ಕೇಳಿರಿ: ಇದು ಚಿಕಿತ್ಸೆಯೋ, ಪ್ರಯೋಗವೋ? ಒಲ್ಲೆನೆಂದರೆ ನನಗೇನಾಗುತ್ತದೆ? ಇದಕ್ಕೆ ನೇರ ಉತ್ತರ ಕೊಡದವರಿಗೆ ನೀವು ಸಹಿ ಕೊಡಬೇಕಾಗಿಲ್ಲ.