ಸಾಲ ತಂದ ಒಂದು

ಐದನೆಯ, ಆರನೆಯ ತರಗತಿಯ ಮಕ್ಕಳಿರುವ ಮನೆಗಳಲ್ಲಿ ಸಂಜೆ ಲೆಕ್ಕದ ಪುಸ್ತಕ ಬಿಚ್ಚಿದಾಗ ಒಂದು ವಿಚಿತ್ರವನ್ನು ನೀವು ಕಂಡಿರಬಹುದು. ಭಿನ್ನರಾಶಿಗಳ ಗುಣಾಕಾರವನ್ನು ಸಲೀಸಾಗಿ ಮಾಡಿ ಮುಗಿಸಿದ ಮಗು, ಕಳೆಯುವ ಲೆಕ್ಕಕ್ಕೆ ಬಂದೊಡನೆ ಪೆನ್ಸಿಲನ್ನು ಕಚ್ಚುತ್ತ ಕುಳಿತುಬಿಡುತ್ತದೆ. ಗುಣಾಕಾರಕ್ಕೆ ಮೇಲಿನದನ್ನು ಮೇಲಿನದರಿಂದ, ಕೆಳಗಿನದನ್ನು ಕೆಳಗಿನದರಿಂದ ಗುಣಿಸಿದರೆ ಸಾಕು. ಕಳೆಯುವಾಗಲೂ ಅದೇ ದಾರಿ ಹಿಡಿದರೆ? ⅞ರಿಂದ ¾ ಕಳೆಯಬೇಕು. ಏಳರಲ್ಲಿ ಮೂರು ಹೋದರೆ ನಾಲ್ಕು. ಎಂಟರಲ್ಲಿ ನಾಲ್ಕು ಹೋದರೂ ನಾಲ್ಕು. ನಾಲ್ಕರಲ್ಲಿ ನಾಲ್ಕು ಭಾಗವೆಂದರೆ ಪೂರ್ತಿ ಒಂದು! ತುಂಡು ಮುರಿದ ರೊಟ್ಟಿಯಲ್ಲಿ ಮುಕ್ಕಾಲು ಪಾಲು ತಿಂದ ಮೇಲೆ ಇಡೀ ರೊಟ್ಟಿ ಉಳಿದಂತಾಯಿತು. ಇಂಥ ರೊಟ್ಟಿ ಸಿಕ್ಕುವುದಾದರೆ ಯಾರಿಗೆ ಬೇಡ?

ಅಂಶ ಎಷ್ಟು ತುಂಡುಗಳೆಂದು ಹೇಳುತ್ತದೆ. ಛೇದ ಹೇಳುವುದು ತುಂಡಿನ ಗಾತ್ರವನ್ನು. ಅದು ತುಂಡಿಗಿಟ್ಟ ಹೆಸರು. ಎಂಟನೆಯ ತುಂಡಿನಿಂದ ಕಾಲಿನ ತುಂಡನ್ನು ನೇರವಾಗಿ ಕಳೆಯಲಾಗದು. ಎರಡಕ್ಕೂ ಒಂದೇ ಹೆಸರು ಬರಬೇಕು. ಪ್ರತಿಯೊಂದು ಕಾಲನ್ನೂ ಎರಡಾಗಿ ಮುರಿದರೆ ಮುಕ್ಕಾಲು ಎಂಬುದು ಎಂಟನೆಯ ಆರು ತುಂಡುಗಳಾಗುತ್ತದೆ. ಏಳರಲ್ಲಿ ಆರು ಹೋಗಿ ಒಂದು ಉಳಿಯಿತು: ಎಂಟರಲ್ಲಿ ಒಂದು ಭಾಗ, ನಮ್ಮ ಹಿರಿಯರ ಮಾತಿನಲ್ಲಿ ಅರೆಕಾಲು.

ಇಷ್ಟನ್ನು ಮಕ್ಕಳು ಬೇಗ ಹಿಡಿಯುತ್ತಾರೆ. ನಿಜವಾದ ತೊಡಕು ಮಿಶ್ರ ಭಿನ್ನರಾಶಿಯಲ್ಲಿದೆ. 5¼ ಮೀಟರು ಬಟ್ಟೆಯಿದೆ. ಅದರಲ್ಲಿ 2¾ ಮೀಟರು ಕತ್ತರಿಸಿ ಕೊಟ್ಟಿರಿ. ಉಳಿದದ್ದೆಷ್ಟು? ಕಾಲರಲ್ಲಿ ಮುಕ್ಕಾಲು ಹೋಗದು. ಆಗ ಕೆಲವು ಮಕ್ಕಳು ಹಿಂದುಮುಂದು ಮಾಡಿ ಮುಕ್ಕಾಲಿನಲ್ಲಿ ಕಾಲನ್ನು ಕಳೆದು, 3½ ಎಂದು ಬರೆಯುತ್ತಾರೆ. ಇನ್ನು ಕೆಲವರು ಐದರಿಂದ ಒಂದನ್ನು ಸಾಲ ತರುತ್ತಾರೆ. ಇದು ಸರಿಯಾದ ದಾರಿಯೇ. ಆದರೆ ಪೂರ್ಣಸಂಖ್ಯೆಗಳ ಲೆಕ್ಕದಲ್ಲಿ ಸಾಲ ತಂದ ಒಂದು ಯಾವಾಗಲೂ ಹತ್ತು ಆಗುತ್ತಿತ್ತಲ್ಲ. ಆ ಅಭ್ಯಾಸಬಲದಿಂದ ಅಂಶದ ಒಂದಕ್ಕೆ ಹತ್ತು ಕೂಡಿಸಿ ಹನ್ನೊಂದು ಮಾಡುತ್ತಾರೆ. ಹನ್ನೊಂದು ಕಾಲಿನಲ್ಲಿ ಮೂರು ಕಾಲು ಹೋಗಿ ಎಂಟು ಕಾಲು, ಅಂದರೆ ಎರಡು. ನಾಲ್ಕರಲ್ಲಿ ಎರಡು ಹೋಗಿ ಉಳಿದ ಎರಡು ಸೇರಿ, ನಾಲ್ಕು ಮೀಟರು! ಇದು ಅಜಾಗರೂಕತೆಯ ತಪ್ಪಲ್ಲ, ಕಲಿತದ್ದನ್ನು ನಂಬಿದ ತಪ್ಪು. ಗದರಿಸಿದರೆ ಇದು ಹೋಗುವುದಿಲ್ಲ. ಮಗುವಿಗೆ ಗಣಿತದ ಮೇಲಿನ ನಂಬಿಕೆ ಮಾತ್ರ ಹೋಗುತ್ತದೆ.

ಸಾಲ ತಂದ ಒಂದು ಎಷ್ಟು ತುಂಡಾಗಬೇಕೆಂಬುದನ್ನು ಛೇದವೇ ಹೇಳುತ್ತದೆ. ಇಲ್ಲಿ ಛೇದ ನಾಲ್ಕು. ಆದ್ದರಿಂದ ಒಂದು ಮೀಟರೆಂದರೆ ನಾಲ್ಕು ಕಾಲು. ಮೊದಲಿದ್ದ ಒಂದು ಕಾಲು ಸೇರಿ ಐದು. ಐದರಲ್ಲಿ ಮೂರು ಹೋದರೆ ಎರಡು ಕಾಲು, ಎಂದರೆ ಅರ್ಧ. ನಾಲ್ಕರಲ್ಲಿ ಎರಡು ಹೋದರೆ ಎರಡು. ಉಳಿದದ್ದು 2½ ಮೀಟರು.

ನಮ್ಮ ಅಜ್ಜಿಯಂದಿರಿಗೆ ಈ ಪಾಠ ಬೇಕಾಗಿರಲಿಲ್ಲ. ಎರಡು ಸೇರು ಒಂದು ಪಾವು ಅಕ್ಕಿಯಲ್ಲಿ ಮೂರು ಪಾವು ಅಳೆದು ತೆಗೆದರೆ ಒಂದು ಸೇರು ಎರಡು ಪಾವು ಉಳಿಯುವುದೆಂದು ಅವರು ಒಲೆಯ ಮುಂದೆ ಕುಳಿತೇ ಹೇಳುತ್ತಿದ್ದರು. ಸೇರು ಒಡೆದರೆ ನಾಲ್ಕು ಪಾವು, ಪಾವು ಒಡೆದರೆ ನಾಲ್ಕು ಚಟಾಕು, ರೂಪಾಯಿ ಒಡೆದರೆ ಹದಿನಾರಾಣೆ. ಒಡೆದ ಒಂದು ಎಲ್ಲೆಡೆಯೂ ಹತ್ತೇ ಆಗಬೇಕೆಂಬ ಭ್ರಮೆ ಹುಟ್ಟುವುದಕ್ಕೆ ಎಡೆಯೇ ಇರಲಿಲ್ಲ. 1957ರ ಏಪ್ರಿಲ್ 1ರಂದು ದಶಮಾಂಶ ನಾಣ್ಯ ಬಂದಿತು. ಅದರ ಹಿಂದೆಯೇ ಮೀಟರು, ಕಿಲೋಗ್ರಾಮುಗಳು ಬಂದವು. ವ್ಯಾಪಾರಕ್ಕೆ ದೊಡ್ಡ ಅನುಕೂಲವಾಯಿತು, ನಿಜ. ಆದರೆ ಮನೆಯೊಳಗೆ ತಾನಾಗಿ ನಡೆಯುತ್ತಿದ್ದ ಭಿನ್ನರಾಶಿಯ ಪಾಠವೊಂದು ನಿಂತುಹೋಯಿತೆಂದು ನನಗೆ ತೋರುತ್ತದೆ. ಇಂದಿಗೂ ಉಳಿದಿರುವುದು ಗಡಿಯಾರ. ಆರು ಗಂಟೆ ಹತ್ತು ನಿಮಿಷದಿಂದ ನಲವತ್ತು ನಿಮಿಷ ಹಿಂದಕ್ಕೆ ಹೋಗೆಂದು ಮಗುವಿಗೆ ಹೇಳಿ ನೋಡಿ. ಗಂಟೆಯನ್ನು ಅರವತ್ತಾಗಿ ಒಡೆದು ಐದೂವರೆ ಎನ್ನುತ್ತದೆ. ಅದೇ ಕೈಚಳಕವನ್ನು ಬಟ್ಟೆಯ ಲೆಕ್ಕಕ್ಕೂ ತರಬೇಕು, ಅಷ್ಟೆ.

ಮಿಶ್ರಸಂಖ್ಯೆಗಳನ್ನೆಲ್ಲ ವಿಷಮ ಭಿನ್ನರಾಶಿ ಮಾಡಿಕೊಂಡು ಕಳೆಯುವ ಕ್ರಮವೂ ಉಂಟು: 21 ಕಾಲಿನಲ್ಲಿ 11 ಕಾಲು ಹೋಗಿ 10 ಕಾಲು. ತಪ್ಪಿಲ್ಲ, ಆದರೆ ಸಂಖ್ಯೆಗಳು ದೊಡ್ಡವಾದಾಗ ಬೆವರು ಬರುತ್ತದೆ.

ಛೇದಗಳೂ ಬೇರೆಯಾಗಿ, ಸಾಲವೂ ಬೇಕಾದರೆ? 3⅙ರಿಂದ 1⅜ ಕಳೆಯೋಣ. ಆರನ್ನೂ ಎಂಟನ್ನೂ ಗುಣಿಸಿ 48 ಮಾಡಬಹುದು, ಅಷ್ಟು ಬೇಕಿಲ್ಲ. ಒಂಬತ್ತನೆಯ ಶತಮಾನದಲ್ಲಿ, ರಾಷ್ಟ್ರಕೂಟರ ಅಮೋಘವರ್ಷ ನೃಪತುಂಗನ ಕಾಲದಲ್ಲಿದ್ದ ಮಹಾವೀರಾಚಾರ್ಯನು ತನ್ನ 'ಗಣಿತಸಾರಸಂಗ್ರಹ'ದಲ್ಲಿ ಇದಕ್ಕೆ ಸೂತ್ರ ಕೊಟ್ಟಿದ್ದಾನೆ. ನಾವು ಲಘುತಮ ಸಾಮಾನ್ಯ ಅಪವರ್ತ್ಯ ಎನ್ನುವುದನ್ನು ಅವನು 'ನಿರುದ್ಧ' ಎಂದು ಕರೆದ. ಛೇದಗಳ ಸಾಮಾನ್ಯ ಅಪವರ್ತನವನ್ನು, ಅದರಿಂದ ಭಾಗಿಸಿ ಬಂದ ಲಬ್ಧಗಳೊಡನೆ ಗುಣಿಸಬೇಕು. ಆರಕ್ಕೂ ಎಂಟಕ್ಕೂ ಸಾಮಾನ್ಯವಾದದ್ದು ಎರಡು. ಲಬ್ಧಗಳು ಮೂರು ಮತ್ತು ನಾಲ್ಕು. ಎರಡು ಮೂರಲ ಆರು, ಆರು ನಾಲ್ಕಲ ಇಪ್ಪತ್ನಾಲ್ಕು.

ಈಗ ⅙ ಎಂಬುದು 4/24. ⅜ ಎಂಬುದು 9/24. ನಾಲ್ಕರಲ್ಲಿ ಒಂಬತ್ತು ಹೋಗದು. ಮೂರರಿಂದ ಒಂದನ್ನು ತಂದು ಇಪ್ಪತ್ನಾಲ್ಕು ತುಂಡು ಮಾಡಿ. ಮೊದಲಿನ ನಾಲ್ಕು ಸೇರಿ ಇಪ್ಪತ್ತೆಂಟು. ಒಂಬತ್ತು ಹೋದರೆ ಹತ್ತೊಂಬತ್ತು. ಉತ್ತರ ಒಂದು ಪೂರ್ಣ, ಮೇಲೆ 19/24. ಇದಕ್ಕೆ 1⅜ನ್ನು ಕೂಡಿಸಿದರೆ ಮತ್ತೆ 3⅙ ಬರುತ್ತದೆ; ಈ ತಾಳೆಯನ್ನು ಮಗುವಿನ ಕೈಯಲ್ಲೇ ಮಾಡಿಸಿ.

ಇವೊತ್ತು ರಾತ್ರಿ ಊಟಕ್ಕೆ ಮುಂಚೆ ಇನ್ನೊಂದು ಲೆಕ್ಕ: 128⅙ರಿಂದ 127⅜. ವಿಷಮ ಭಿನ್ನರಾಶಿಯ ದಾರಿಯಲ್ಲಿ ನೀವು ಮಾಡಿ, ಸಾಲ ತರುವ ದಾರಿಯಲ್ಲಿ ಮಗು ಮಾಡಲಿ. ಯಾರದು ಮೊದಲು ಮುಗಿಯುತ್ತದೆ, ನೋಡೋಣ.