ಚಿತ್ರಕಾರನ ಕೋಣೆ



ನಿನ್ನೆ ಒಬ್ಬ ತಾಯಿ ಮಠಕ್ಕೆ ಬಂದು ಕೇಳಿದರು: "ಬುದ್ಧೀ, ನಮ್ಮ ಯಜಮಾನರು ಚಿತ್ರ ಬರೀತಾರೆ. ಹಜಾರದ ತುಂಬ ಬಣ್ಣದ ಡಬ್ಬಿ, ಹರಿದ ಕ್ಯಾನ್ವಾಸು, ಎಣ್ಣೆ ಬಟ್ಟೆ. ಮಕ್ಕಳು ಕೂತು ಓದೋಕೂ ಜಾಗವಿಲ್ಲ. ಅವರು ಊರಲ್ಲಿಲ್ಲದಾಗ ಎಲ್ಲ ತೆಗೆದು ಹೊರಗೆ ಹಾಕಲೇ?" ಹಾಕಬೇಡಿ ತಾಯಿ ಎಂದೆವು. ಆದರೆ ಆಕೆಯ ಸಂಕಟ ಸುಳ್ಳಲ್ಲ. ಆದ್ದರಿಂದ ಇಂದು ಈ ವಿಷಯವನ್ನೇ ತೆಗೆದುಕೊಂಡಿದ್ದೇವೆ.

ಶಾಸ್ತ್ರಜ್ಞರು ಹೇಯ, ಉಪಾದೇಯ ಎಂದು ಎರಡು ಹೇಳುತ್ತಾರೆ. ಬಿಡತಕ್ಕದ್ದು ಹೇಯ, ಹಿಡಿಯತಕ್ಕದ್ದು ಉಪಾದೇಯ. ಅಡುಗೆಮನೆಯಲ್ಲಿ ಇದನ್ನು ಯಾರಾದರೂ ವಿಂಗಡಿಸಿಯಾರು. ಚಿತ್ರಕಾರನ ಕೋಣೆಯಲ್ಲಿ ಕಸ ಯಾವುದು, ಬೀಜ ಯಾವುದು ಎಂಬುದನ್ನು ಬಲ್ಲವನು ಅವನೊಬ್ಬನೇ.

ಲಂಡನ್ನಿನಲ್ಲಿ ಫ್ರಾನ್ಸಿಸ್ ಬೇಕನ್ ಎಂಬ ಪ್ರಖ್ಯಾತ ಚಿತ್ರಕಾರರಿದ್ದರು. 1961ರಿಂದ 1992ರಲ್ಲಿ ತೀರಿಕೊಳ್ಳುವವರೆಗೆ ರೀಸ್ ಮ್ಯೂಸ್ ಎಂಬ ಓಣಿಯ ಪುಟ್ಟ ಮನೆಯಲ್ಲಿ ಬರೆದರು. ಆ ಕೋಣೆಯ ನೆಲವೇ ಕಾಣುತ್ತಿರಲಿಲ್ಲ. ಹರಿದ ಹಾಳೆ, ಫೋಟೋ, ಒಣಗಿದ ಕುಂಚಗಳ ರಾಶಿ. ಬಣ್ಣ ಕಲಸಲು ಗೋಡೆ ಬಾಗಿಲುಗಳೇ ಹಲಗೆ. 1998ರಲ್ಲಿ ಅವರ ವಾರಸುದಾರರು ಆ ಕೋಣೆಯಲ್ಲಿದ್ದುದನ್ನೆಲ್ಲ ಬೇಕನ್ನರು ಹುಟ್ಟಿದ ಡಬ್ಲಿನ್ ನಗರದ ಹ್ಯೂ ಲೇನ್ ಚಿತ್ರಶಾಲೆಗೆ ದಾನ ಕೊಟ್ಟರು. ಪುರಾತತ್ತ್ವಜ್ಞರೇ ಬಂದು ಯಾವ ವಸ್ತು ಎಲ್ಲಿತ್ತೆಂದು ಗುರುತಿಸಿ, 7000ಕ್ಕೂ ಹೆಚ್ಚು ವಸ್ತುಗಳನ್ನು, ಧೂಳನ್ನೂ ಬಿಡದೆ, ಸಾಗಿಸಿದರು. 2001ರಲ್ಲಿ ಅದನ್ನು ಇದ್ದಂತೆಯೇ ಜೋಡಿಸಿ ಜನರ ದರ್ಶನಕ್ಕೆ ತೆರೆದರು.

ಇದನ್ನು ಕೇಳಿ ನಮ್ಮ ತರುಣ ಕಲಾವಿದರು ಹಿಗ್ಗಬಾರದು. ಧೂಳು ಕೂಡಿಟ್ಟವರೆಲ್ಲ ಬೇಕನ್ ಆಗುವುದಿಲ್ಲ! ಅವರಿಗೆ ಬಾಲ್ಯದಿಂದಲೂ ಉಬ್ಬಸದ ಕಾಟ. ಮಕ್ಕಳುಮರಿ ಇರಲಿಲ್ಲ. ಇನ್ನೊಂದು ಮಾತನ್ನು ಲಕ್ಷ್ಯವಿಟ್ಟು ಕೇಳಬೇಕು: ಪಕ್ಕದಲ್ಲಿದ್ದ ಅವರ ಮಲಗುವ ಕೋಣೆ ಅಚ್ಚುಕಟ್ಟಾಗಿತ್ತು. ಗಲೀಜೆಲ್ಲ ಒಂದು ಬಾಗಿಲಿನ ಒಳಗೇ ನಿಂತಿತ್ತು. ನಾವು ಕೇಳುವುದು ಆ ಬಾಗಿಲನ್ನು. ಬೇರೆ ಕೋಣೆ ಇಲ್ಲದವನು ಒಂದು ಗೋಡೆ, ಒಂದು ಬೀರು, ಒಂದು ಪರದೆ ಇಟ್ಟುಕೊಳ್ಳಲಿ. ಒಳಗೆ ಅವನ ಕೈ ಮಾತ್ರ; ಹೊರಗೆ ಅವನ ಒಂದು ಡಬ್ಬಿಯೂ ಬೇಡ.

ಒಳಗೂ ಕೆಲವು ವಸ್ತುಗಳಿಗೆ ರಿಯಾಯಿತಿ ಇಲ್ಲ. ಅಗಸೆ ಎಣ್ಣೆ ಒರೆಸಿದ ಬಟ್ಟೆಯನ್ನು ಮುದ್ದೆಮಾಡಿ ಮೂಲೆಗೆ ಎಸೆಯುತ್ತಾರೆ. ಆ ಎಣ್ಣೆ ಒಣಗುವಾಗ ಗಾಳಿಯಲ್ಲಿನ ಆಮ್ಲಜನಕವನ್ನು ಹೀರಿ ಬಿಸಿಯಾಗುತ್ತದೆ. ಮುದ್ದೆಯೊಳಗಿನ ಬಿಸಿ ಹೊರಬರಲಾರದೆ, ಕಡ್ಡಿ ಗೀರದೆಯೇ ಬೆಂಕಿ ಹತ್ತಬಹುದು. ಮಕ್ಕಳು ಮಲಗಿರುವ ಮನೆ ಅದು. ಅಂಥ ಬಟ್ಟೆಯನ್ನು ಅಂಗಳದಲ್ಲಿ ಬಿಡಿಬಿಡಿಯಾಗಿ ಹರವಿ ಒಣಗಿಸಬೇಕು, ಇಲ್ಲವೆ ಮುಚ್ಚಳದ ತಗಡಿನ ಡಬ್ಬಿಯಲ್ಲಿ ನೀರು ತುಂಬಿ ಮುಳುಗಿಸಿಡಬೇಕು. ಸೀಸ ಬೆರೆತ ಬಿಳಿಬಣ್ಣ ವಿಷ, ಅದು ಬೀಗದೊಳಗಿರಲಿ. ಟರ್ಪೆಂಟೈನನ್ನು ಕುಡಿಯುವ ನೀರಿನ ಬಾಟಲಿಗೆ ತುಂಬಿಡುವುದಂತೂ ಘೋರ ಅವಿವೇಕ.

ಅರೆಬರೆ ಚಿತ್ರಗಳ ಮಾತು ಬೇರೆ. ಬೇಕನ್ನರು ತಾವೇ ಕೊಯ್ದುಹಾಕಿದ ನೂರು ಕ್ಯಾನ್ವಾಸುಗಳು ಆ ಕೋಣೆಯಲ್ಲೇ ಇದ್ದವು. ಅವು ಪೂಜೆಯಿಂದಿಳಿದ ನಿರ್ಮಾಲ್ಯದ ಹಾಗೆ. ತಿಪ್ಪೆಗೆ ಹಾಕಲು ಮನಸ್ಸು ಬಾರದು. ವರ್ಷಕ್ಕೊಮ್ಮೆ, ಯುಗಾದಿಗೆ ಸುಣ್ಣ ಬಳಿಯುವ ಮುಂಚೆ, ಬರೆದವನೇ ಒಂದೊಂದನ್ನೂ ಬೆಳಕಿಗೆ ಹಿಡಿದು ನೋಡಲಿ. ಬೇಡವೆನಿಸಿದ್ದನ್ನು ಚೌಕಟ್ಟಿನಿಂದ ಬಿಚ್ಚಿದರೆ ಆ ಮರವಾದರೂ ಇನ್ನೊಂದು ಚಿತ್ರಕ್ಕೆ ಬರುತ್ತದೆ.